ಬ್ರಾಡ್‌ವೆಲ್‌ನ ಕಲ್ಲು ಚಾಪೆಲ್: ಮೊದಲು ಟ್ಯಾಕ್ಸಿ, ಆಮೇಲೆ ಚರಿತ್ರೆ

ಲಂಡನ್‌ನಿಂದ ಒಂದೇ ದಿನದಲ್ಲಿ ಎಸೆಕ್ಸ್ ಕರಾವಳಿಯ ಬ್ರಾಡ್‌ವೆಲ್‌ನಲ್ಲಿರುವ ಏಳನೇ ಶತಮಾನದ ಪುಟ್ಟ ಚರ್ಚು, ಸೇಂಟ್ ಪೀಟರ್ ಚಾಪೆಲ್ ನೋಡಿ ಬರಬಹುದು. ಕೈಕೊಡುವುದು ಕೊನೆಯ ಕೆಲವು ಕಿಲೋಮೀಟರು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್‌ನಿಂದ ರೈಲಿನಲ್ಲಿ ವಿಕ್‌ಫರ್ಡ್, ಅಲ್ಲಿ ಗಾಡಿ ಬದಲಿಸಿದರೆ ಸೌತ್‌ಮಿನ್‌ಸ್ಟರ್. ಹಳಿ ಅಲ್ಲಿಗೇ ಮುಗಿಯುತ್ತದೆ. ಸ್ಟೇಷನ್ ಹೊರಗೆ ಟ್ಯಾಕ್ಸಿ ಸಾಲುಗಟ್ಟಿರುತ್ತದೆ ಅಂದುಕೊಂಡು ಇಳಿಯಬೇಡಿ. ಹಿಂದಿನ ದಿನವೇ ಫೋನ್ ಮಾಡಿ, ವಾಪಸಿನ ಬಾಡಿಗೆಯನ್ನೂ ಸೇರಿಸಿ ಮಾತಾಡಿಕೊಳ್ಳಿ. ಬಸ್ ನಂಬಿದರೆ ಬ್ರಾಡ್‌ವೆಲ್ ಊರಲ್ಲಿ ಇಳಿದು ಇನ್ನೂ ಮೂರು ಕಿಲೋಮೀಟರು ನಡೆಯಬೇಕು. ಭಾನುವಾರವಾದರೆ ಆ ಯೋಚನೆಯೇ ಬೇಡ.

ಕಾರಿದ್ದವರಿಗೂ ನಡಿಗೆ ತಪ್ಪಿದ್ದಲ್ಲ. ರಸ್ತೆ ಮುಗಿಯುವಲ್ಲಿ ಗಾಡಿ ನಿಲ್ಲಿಸಿ ಹೊಲಗಳ ನಡುವೆ ಸುಮಾರು 800 ಮೀಟರು ಹೋಗಬೇಕು. ಮರೆಯೇ ಇಲ್ಲದ ಬಯಲು. ಸಮುದ್ರದ ಗಾಳಿಗೆ ಕೊಡೆ ಉಲ್ಟಾ ಆಗುತ್ತದೆ, ಜಾಕೆಟ್ಟೇ ಗತಿ. ಮಳೆಯಾಗಿದ್ದರೆ ಬಿಳಿ ಶೂ ಬೇಡ. ಚಾಪೆಲ್ ಹತ್ತಿರ ಟೀ ಸಿಗುತ್ತದೆಂಬ ಆಸೆಯನ್ನೂ ಬಿಡಿ. ಚಪಾತಿ ಸುತ್ತಿಕೊಂಡು, ಫ್ಲಾಸ್ಕ್ ತುಂಬಿಕೊಂಡು ಹೊರಡಿ.

ದೂರದಿಂದ ಅದು ದೊಡ್ಡ ದನದ ಕೊಟ್ಟಿಗೆಯಂತೆ ಕಾಣುತ್ತದೆ. ನಿರಾಶೆ ಬೇಡ, ಶತಮಾನಗಳ ಕಾಲ ಅದು ನಿಜವಾಗಿಯೂ ರೈತರ ಕಣಜವೇ ಆಗಿತ್ತು. ಒಳಗೆ ನುಗ್ಗುವ ಮುನ್ನ ಹೊರಗೆ ಒಂದು ಸುತ್ತು ಹಾಕಿ. ಉತ್ತರ, ದಕ್ಷಿಣದ ಗೋಡೆಗಳ ನಡುಭಾಗದಲ್ಲಿ ಬೇರೆ ಬಗೆಯ ಕಲ್ಲಿನ ದೊಡ್ಡ ತೇಪೆ ಕಾಣುತ್ತದೆ. ಹುಲ್ಲಿನ ಗಾಡಿ ಒಳಗೆ ಬರಲೆಂದು ಒಡೆದ ಬಾಗಿಲುಗಳನ್ನು ಮತ್ತೆ ಮುಚ್ಚಿದ ಗುರುತು ಅದು. ರೈತರಿಗೆ ಉಪಯೋಗಕ್ಕೆ ಬಂದದ್ದರಿಂದಲೇ ಗೋಡೆ ಉಳಿಯಿತು ಎನ್ನಬೇಕು. 1920ರಲ್ಲಿ ದುರಸ್ತಿಯಾಗಿ ಮತ್ತೆ ಪ್ರಾರ್ಥನೆಗೆ ತೆರೆಯಿತು.

ಗೋಡೆಯಲ್ಲಿ ಬೂದುಗಲ್ಲಿನ ನಡುವೆ ಕೆಂಪು ಹೆಂಚಿನ ತುಂಡುಗಳಿವೆಯಲ್ಲ, ಅವು ರೋಮನ್ನರವು. ಇಲ್ಲಿ ಅವರ ಒಥೋನಾ ಕೋಟೆಯಿತ್ತು. 653ರಲ್ಲಿ ಪೂರ್ವ ಸ್ಯಾಕ್ಸನ್ನರ, ಅಂದರೆ ಆಗಿನ ಎಸೆಕ್ಸ್ ಜನರ ನಡುವೆ ಧರ್ಮಪ್ರಚಾರಕ್ಕೆ ಬಂದ ಸನ್ಯಾಸಿ ಸೆಡ್, ಮರುವರ್ಷದ ಹೊತ್ತಿಗೆ ಪಾಳುಬಿದ್ದ ಕೋಟೆಯ ಕಲ್ಲನ್ನೇ ಕಿತ್ತು, ಕೋಟೆಗೋಡೆ ಹಾದುಹೋಗುವ ಜಾಗದಲ್ಲೇ ಇದನ್ನು ಕಟ್ಟಿಸಿದ. ಹೆಸರಿನಲ್ಲೇ ‘ಗೋಡೆ ಮೇಲಿನ ಸೇಂಟ್ ಪೀಟರ್’ ಅಂತಿರುವುದು ಅದಕ್ಕೇ. ಪೂರ್ವದ ಹೊರಗೋಡೆಯಲ್ಲಿ ಕಮಾನುಗಳು ಹೊರಟಿದ್ದ ಮೊನೆಗಳನ್ನು ಹುಡುಕಿ. ಅದರಾಚೆ ಇದ್ದ, ಗರ್ಭಗುಡಿಯಂಥ ಅರ್ಧವೃತ್ತದ ಭಾಗ ಬಿದ್ದುಹೋಗಿದೆ, ನೆಲದ ಮೇಲೆ ಅದರ ಗೆರೆ ಮಾತ್ರ ಇದೆ. ಇದನ್ನು ಬಿಟ್ಟವರು ಅರ್ಧವೇ ನೋಡಿದಂತೆ.

ಒಳಗೆ ಸುಮಾರು 50 ಅಡಿ ಉದ್ದ, 22 ಅಡಿ ಅಗಲದ ಒಂದೇ ಖಾಲಿ ಅಂಕಣ. ಬಣ್ಣದ ಗಾಜು, ಕೆತ್ತನೆ ಬೇಕೆನ್ನುವವರು ಕ್ಯಾಂಟರ್‌ಬರಿಯ ದೊಡ್ಡ ಚರ್ಚಿಗೆ ಹೋಗುವುದು ಮೇಲು. ಪೀಠದಲ್ಲಿ ಕೂಡಿಸಿರುವ ಮೂರು ಕಲ್ಲುಗಳನ್ನು ಮಾತ್ರ ಬಗ್ಗಿ ನೋಡಿ: ಸೆಡ್‌ನ ಪರಂಪರೆಯ ಮಠಗಳಿದ್ದ ಅಯೋನಾ, ಲಿಂಡಿಸ್‌ಫಾರ್ನ್, ಲಾಸ್ಟಿಂಗ್‌ಹ್ಯಾಮ್‌ನಿಂದ ತಂದವು. ಸೆಡ್ 664ರಲ್ಲಿ ಸಾಂಕ್ರಾಮಿಕಕ್ಕೆ ಸಿಕ್ಕಿ ಸತ್ತದ್ದು ಲಾಸ್ಟಿಂಗ್‌ಹ್ಯಾಮ್‌ನಲ್ಲಿ. ಸುದ್ದಿ ಕೇಳಿ ಎಸೆಕ್ಸ್‌ನಿಂದ ಅಲ್ಲಿಗೆ ಹೋದ ಮೂವತ್ತರಷ್ಟು ಶಿಷ್ಯರಲ್ಲಿ ಬದುಕಿದ್ದು ಒಬ್ಬ ಹುಡುಗ ಎಂದು ಎಂಟನೇ ಶತಮಾನದ ಇತಿಹಾಸಕಾರ ಬೀಡ್ ಬರೆದಿದ್ದಾನೆ.

ಜುಲೈ ಮೊದಲ ಶನಿವಾರ ಯಾತ್ರೆಯ ಜನ ಸೇರುತ್ತಾರೆ, ಆ ದಿನ ಬಿಡಿ. ಕಟ್ಟಡಕ್ಕೆ ಮುಕ್ಕಾಲು ಗಂಟೆ ಸಾಕು. ಹೊತ್ತು ಉಳಿದರೆ ಸಮುದ್ರದ ಒಡ್ಡಿನ ಮೇಲೆ ನಡೆಯಿರಿ. 2002ರಲ್ಲಿ ಕೆಲಸ ನಿಲ್ಲಿಸಿದ ಅಣುಸ್ಥಾವರದ ದೊಡ್ಡ ಡಬ್ಬಗಳು ಫೋಟೋಕ್ಕೆ ಅಡ್ಡ ಬರುತ್ತವೆ. ಅವನ್ನು ಬೆನ್ನಿಗೆ ಹಾಕಿ ನಿಂತರಾಯಿತು.