ಬ್ಲಾಕ್ ಮಾಡಿದ್ರೆ ಸಾಕಾ, ಜೈಲಿಗೇ ಹಾಕ್ಬೇಕಾ?
ಮೊನ್ನೆ ರಾತ್ರಿ ತಂಗಿ ಮೊಬೈಲ್ ತಂದು ಮುಂದೆ ಹಿಡಿದ್ಲು, ಯಾರೋ ಗೊತ್ತಿಲ್ದೋನು ಹಾಯ್ ಅಂತ ಶುರುಮಾಡಿ ಮೂರನೇ ಮೆಸೇಜಿಗೇ ಫೋಟೋ ಕಳ್ಸಿದಾನೆ, ಎಂಥ ಫೋಟೋ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ ಅಲ್ವಾ. ಬ್ಲಾಕ್ ಮಾಡಿ ಸುಮ್ನಿರು ಅಂದ್ರು ಅಮ್ಮ. ನಂಗೆ ಮೈ ಉರೀತು. ಕಾನೂನು ಇಲ್ಲ ಅಂತೇನಿಲ್ಲ, ಐಟಿ ಕಾಯ್ದೆ 67ನೇ ಸೆಕ್ಷನ್ನಲ್ಲಿ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ, ಇಂಗ್ಲೆಂಡಲ್ಲಂತೂ ಹೀಗೆ ಫೋಟೋ ಕಳ್ಸೋದನ್ನ 2024ರ ಜನವರಿಯಿಂದ ಪ್ರತ್ಯೇಕ ಅಪರಾಧನೇ ಮಾಡಿದಾರೆ. ಆದ್ರೆ ಸ್ಟೇಷನ್ ಮೆಟ್ಟಿಲು ಹತ್ತಿ ಅದನ್ನ ಇನ್ನಾಲ್ಕು ಜನಕ್ಕೆ ತೋರ್ಸೋದೇ ಹುಡುಗಿಗೆ ಒಂದು ಶಿಕ್ಷೆ. ನನ್ ಕೇಳಿದ್ರೆ ಮೊದಲ್ನೇ ಸಲ ಜೋರಾಗಿ ದಂಡ ಹಾಕ್ಲಿ, ನಂಬರ್ ಬದಲಾಯ್ಸ್ಕೊಂಡು ಮತ್ತೆ ಮತ್ತೆ ಬರೋನಿಗೆ ಜೈಲೇ ಸರಿ. ಸ್ಕ್ರೀನ್‌ಶಾಟ್ ಇಟ್ಕೊಂಡಿದೀವಿ, ನಾಳೆ ಸೈಬರ್ ಕ್ರೈಮ್ ಪೋರ್ಟಲಲ್ಲಿ ಕಂಪ್ಲೇಂಟ್ ಹಾಕ್ತೀವಿ.