ಬಿಡ್ತು ಅನ್ನುವ ಮೊದಲು

ಘನತೆಯಿಂದ ಸಾಯುವ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಎರಡು ದಶಕಗಳಿಗೂ ಹೆಚ್ಚು ಕಾಲ ಎಡೆಬಿಡದೆ ಮನವಿ ಸಲ್ಲಿಸುತ್ತ ಬಂದದ್ದನ್ನು ಇಂದು ಮತ್ತೆ ಓದಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಈ ಹಕ್ಕನ್ನು ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದ್ದು 2025ರ ಜನವರಿ 30ರಂದು. ಅಷ್ಟು ಹೊತ್ತಿಗೆ ಆ ತಾಯಿಗೆ ಎಂಬತ್ತು ದಾಟಿತ್ತು.

ಚುಚ್ಚುಮದ್ದು ಕೊಟ್ಟು ಸಾಯಿಸುವುದಕ್ಕೆ ಇಲ್ಲಿ ಅವಕಾಶವಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಗುಣವಾಗುವ ಭರವಸೆಯೇ ಇಲ್ಲದ ರೋಗಿಗೆ ನೀಡುತ್ತಿರುವ ವೆಂಟಿಲೇಟರಿನಂಥ ಕೃತಕ ಆಧಾರವನ್ನು, ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಿ ಒಪ್ಪಿದ ಮೇಲೆ, ನಿಲ್ಲಿಸಬಹುದು. ಪ್ರಜ್ಞೆ ಇರುವಾಗಲೇ ತನ್ನ ಇಚ್ಛೆಯನ್ನು ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಇಡಬಹುದು.

ಒಡವೆ ಯಾವ ಸೊಸೆಗೆ, ಹೊಲ ಯಾವ ಮಗನಿಗೆ ಎಂದು ಮನೆಯ ಹಿರಿಯಳನ್ನು ಕೇಳಲು ಹಿಂಜರಿಯದ ನಾವು, ಆಕೆ ‘ನನ್ನನ್ನು ಐಸಿಯುಗೆ ಹಾಕಬೇಡಿ’ ಎಂದೊಡನೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತೇವೆ. ಅದು ಪ್ರೀತಿಯಿಂದಲೇ ಬರುವ ಮಾತು, ನಿಜ. ಆದರೆ ಆಕೆಯ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅಮ್ಮನ ಮನಸ್ಸಿನಲ್ಲಿ ಏನಿದೆಯೆಂದು ಈ ಹಬ್ಬಕ್ಕೆ ಊರಿಗೆ ಹೋದಾಗ ಕೇಳಬೇಕೆಂದಿದ್ದೇನೆ.