ಉದ್ಯೋಗ ಮೇಳ: ಟೇಬಲ್ ಮುಂದಿನ ಎರಡು ನಿಮಿಷ

14 ಫೆಬ್ರುವರಿ 2025, ಶುಕ್ರವಾರ ರಾತ್ರಿ

ನಾಳೆ ಮೇಳ. ಐಟಿಐ, ಡಿಪ್ಲೊಮಾ, ಬಿ.ಕಾಂ. ಎಲ್ಲ ಸೇರಿ ಒಂದು ಬಸ್ಸಿನಷ್ಟು ಮಕ್ಕಳು ಹೊರಟಿದ್ದಾರೆ. ಸಂಜೆವರೆಗೂ ರೆಸ್ಯೂಮೆ ತಿದ್ದುವ ಕೆಲಸ. ತಿದ್ದಿದ್ದಕ್ಕಿಂತ ಹೊಡೆದುಹಾಕಿದ್ದೇ ಜಾಸ್ತಿ.

ಮೇಲ್ಗಡೆ ‘ಕೆರಿಯರ್ ಆಬ್ಜೆಕ್ಟಿವ್’ ಅಂತ ನಾಲ್ಕು ಸಾಲು ಎಲ್ಲರದ್ದರಲ್ಲೂ ಇದೆ. ಸೈಬರ್ ಸೆಂಟರಿನ ಒಂದೇ ಫೈಲಿನಿಂದ ಇಳಿದದ್ದು, ಅಕ್ಷರ ಸಹಿತ ಒಂದೇ. ಕೆಳಗಡೆ ಧರ್ಮ, ಮದುವೆ ಆಗಿದೆಯೋ ಇಲ್ಲವೋ, ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ. ಇವನ್ನೆಲ್ಲ ತೆಗೆದರೆ ಎರಡು ಪುಟದ್ದು ಒಂದೇ ಪುಟಕ್ಕೆ ಬರುತ್ತದೆ, ಬರಲೇಬೇಕು. ಸ್ಟಾಲಿನಲ್ಲಿ ಎರಡನೇ ಹಾಳೆ ತಿರುಗಿಸುವವರಿಲ್ಲ. ಹೆಸರಿನ ಕೆಳಗೇ ಫೋನ್ ನಂಬರ್ ದಪ್ಪಕ್ಷರದಲ್ಲಿರಲಿ. ಅದರ ಕೆಳಗೆ ಕೋರ್ಸು, ಪಾಸಾದ ವರ್ಷ, ಆಮೇಲೆ ಕೈಯಿಂದ ಮಾಡಬಲ್ಲ ಮೂರು ಕೆಲಸ. ‘ಕಷ್ಟಪಟ್ಟು ದುಡಿಯುವವನು’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸಿಎನ್‌ಸಿ ಲೇತ್‌ನಲ್ಲಿ ಮೂರು ತಿಂಗಳ ತರಬೇತಿ, ಟೂಲ್ ಆಫ್‌ಸೆಟ್ ಕೊಡಬಲ್ಲೆ, ಡ್ರಾಯಿಂಗ್ ಓದಬಲ್ಲೆ’ ಎಂದರೆ ಎದುರಿನವರ ಮುಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. (ಸಿಎನ್‌ಸಿ ಎಂದರೆ ಕಂಪ್ಯೂಟರ್ ನಡೆಸುವ ಯಂತ್ರ, ಟೂಲ್ ಆಫ್‌ಸೆಟ್ ಎಂದರೆ ಕತ್ತರಿಸುವ ಟೂಲಿನ ಅಳತೆಯನ್ನು ಅದಕ್ಕೆ ತಿಳಿಸುವುದು.)

ಆ ಪ್ರಶ್ನೆಗೆ ಉತ್ತರ ಗೊತ್ತಿರುವುದನ್ನು ಮಾತ್ರ ಬರೆಯಬೇಕು. ಅಳತೆ ಉಪಕರಣಗಳಾದ ವರ್ನಿಯರ್, ಮೈಕ್ರೋಮೀಟರ್ ಎಂದು ಬರೆದರೆ ಲೀಸ್ಟ್ ಕೌಂಟ್, ಅಂದರೆ ಅವು ಅಳೆಯಬಲ್ಲ ಅತಿ ಚಿಕ್ಕ ಅಳತೆ, ಕೇಳಿಯೇ ಕೇಳುತ್ತಾರೆ: ವರ್ಕ್‌ಶಾಪಿನ ಸಾಮಾನ್ಯ ವರ್ನಿಯರ್ 0.02 ಮಿ.ಮೀ., ಮೈಕ್ರೋಮೀಟರ್ 0.01 ಮಿ.ಮೀ. ಬಿ.ಕಾಂ.ನವರು ‘ಟ್ಯಾಲಿ ಬರುತ್ತದೆ’ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಎಂದರೆ ಅದರ ಕೀಗಳು, ಪೇಮೆಂಟ್‌ಗೆ ಎಫ್5, ರಿಸೀಟ್‌ಗೆ ಎಫ್6, ಜರ್ನಲ್‌ಗೆ ಎಫ್7 ತಡವರಿಸದೆ ಬರಬೇಕು. ಜಿಎಸ್‌ಟಿ ಎಂದು ಬರೆದವರಿಗೆ ತಿಂಗಳ ಜಿಎಸ್‌ಟಿಆರ್-1 (ಮಾರಾಟದ ವಿವರ) ಮುಂದಿನ ತಿಂಗಳು 11ಕ್ಕೆ, 3ಬಿ (ತೆರಿಗೆ ಕಟ್ಟುವ ರಿಟರ್ನ್) 20ಕ್ಕೆ ಎನ್ನುವುದಾದರೂ ಗೊತ್ತಿರಲಿ.

ಚೀಲದಲ್ಲಿ: ರೆಸ್ಯೂಮೆ ಹನ್ನೆರಡು ಪ್ರತಿ, ಅಂಕಪಟ್ಟಿಗಳ ಜೆರಾಕ್ಸ್ ಎರಡು ಸೆಟ್, ಪಾಸ್‌ಪೋರ್ಟ್ ಸೈಜಿನ ಫೋಟೊ ಎಂಟು, ಬಾಲ್ ಪೆನ್ ಎರಡು. ಜೆಲ್ ಪೆನ್ ಬೇಡ, ಕೈ ಬೆವರಿಗೆ ಫಾರ್ಮ್ ಕಲೆಯಾಗುತ್ತದೆ. ಮೂಲ ಅಂಕಪಟ್ಟಿ ತೋರಿಸಲಿಕ್ಕೆ ಮಾತ್ರ, ಕೊಡಲಿಕ್ಕಲ್ಲ. ‘ಇಟ್ಟುಕೊಂಡಿರುತ್ತೇವೆ, ಸೇರುವಾಗ ಕೊಡುತ್ತೇವೆ’ ಎನ್ನುವ ಸ್ಟಾಲಿನಿಂದ ಎದ್ದು ಬರುವುದೇ ಸರಿ. ನೋಂದಣಿ ಶುಲ್ಕ, ಯೂನಿಫಾರ್ಮ್ ಡಿಪಾಸಿಟ್ ಎಂದು ದುಡ್ಡು ಕೇಳಿದರೂ ಅಷ್ಟೇ.

ನೋಂದಣಿ ಇವತ್ತೇ ಮುಗಿಸಿ ಟೋಕನ್ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲಿಕ್ಕೆ ಹೇಳಿದ್ದಾಯಿತು. ಮೈದಾನದಲ್ಲಿ ಸಾವಿರಾರು ಫೋನ್ ಒಂದೇ ಟವರ್ ಹಿಡಿದಾಗ ಕ್ಯೂಆರ್ ಕೋಡ್ ತೆರೆಯುವುದೇ ಇಲ್ಲ. ಕೌಶಲ್ಯಾಭಿವೃದ್ಧಿ ನಿಗಮದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಹೆಸರು ಹಾಕಿಡಬಹುದು, ಉಚಿತ.

ಇನ್ನೊಂದು ಕಣ್ಣಿಗೆ ಬೀಳದ ತೊಡಕು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಇಂಗ್ಲಿಷ್ ಹೆಸರಲ್ಲಿ ‘ಮಂಜುನಾಥ’ದ ಕೊನೆಗೆ ‘ಎ’ ಇರುತ್ತದೆ, ಆಧಾರ್‌ನಲ್ಲಿ ಇರುವುದಿಲ್ಲ. ಅಥವಾ ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ಮೇಳದಲ್ಲಿ ಇದನ್ನು ಯಾರೂ ನೋಡುವುದಿಲ್ಲ. ಕೆಲಸಕ್ಕೆ ಸೇರುವಾಗ ಪಿಎಫ್ (ಭವಿಷ್ಯ ನಿಧಿ) ಖಾತೆ ತೆರೆಯುವ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ತಿದ್ದುಪಡಿಗೆ ಈಗಲೇ ಅರ್ಜಿ ಕೊಟ್ಟುಬಿಡಬೇಕು.

15 ಫೆಬ್ರುವರಿ, ಶನಿವಾರ ರಾತ್ರಿ

ಒಂಬತ್ತೂವರೆಗೆ ಸ್ಟಾಲುಗಳಲ್ಲಿ ಎಚ್‌ಆರ್‌ನವರು ಕೂತಾಗಿತ್ತು. ಜನವೆಲ್ಲ ವೇದಿಕೆ ಮುಂದೆ. ಸ್ವಾಗತ, ದೀಪ ಬೆಳಗುವುದು, ಶಾಲು ಹಾರ, ಭಾಷಣ ಮುಗಿಯುವಾಗ ಹನ್ನೊಂದೂವರೆ. ಆ ಎರಡು ಗಂಟೆಯೇ ಮೇಳದ ಒಳ್ಳೆ ಹೊತ್ತು: ಸಾಲಿಲ್ಲ, ಎದುರಿಗಿರುವವರಿಗೆ ಇನ್ನೂ ದಣಿವಿಲ್ಲ, ಒಬ್ಬೊಬ್ಬರಿಗೆ ಐದು ನಿಮಿಷ ಸಿಗುತ್ತದೆ. ಹನ್ನೆರಡರ ಮೇಲೆ ಅದು ಎರಡು ನಿಮಿಷಕ್ಕಿಳಿಯುತ್ತದೆ. ಮೂರೂವರೆಗೆ ಬ್ಯಾನರ್ ಸುತ್ತಲು ಶುರು.

ಎಲ್ಲ ಸ್ಟಾಲಿಗೂ ಒಂದೊಂದು ರೆಸ್ಯೂಮೆ ಹಂಚುತ್ತಾ ಹೋಗುವುದು ಪಾಂಪ್ಲೆಟ್ ಹಂಚಿದ ಹಾಗೆ. ಐದಾರು ಆರಿಸಿಕೊಂಡರೆ ಸಾಕು. ಮೊದಲು ಎರಡನೇ ಆಯ್ಕೆಯ ಸ್ಟಾಲಿಗೆ ಹೋಗಿ ನಾಲಿಗೆ ಸಡಿಲ ಮಾಡಿಕೊಂಡು, ಆಮೇಲೆ ಬೇಕಾದ್ದಕ್ಕೆ ಹೋಗುವುದು ಜಾಣತನ. ಗೆಳೆಯರ ಗುಂಪು ಕಟ್ಟಿಕೊಂಡು ಹೋದರೆ ಕೆಲಸ ಯಾರಿಗೆ ಬೇಕು ಎಂಬುದೇ ಅವರಿಗೆ ತಿಳಿಯುವುದಿಲ್ಲ.

‘ನಿಮ್ಮ ಬಗ್ಗೆ ಹೇಳಿ’ ಎಂದ ಕೂಡಲೇ ಹತ್ತರಲ್ಲಿ ಎಂಟು ಮಂದಿ ಮನೆಯ ಲೆಕ್ಕ ಒಪ್ಪಿಸುತ್ತಾರೆ: ತಂದೆ ಕೃಷಿಕರು, ತಾಯಿ ಗೃಹಿಣಿ, ಇಬ್ಬರು ತಂಗಿಯರು, ಹವ್ಯಾಸ ಕ್ರಿಕೆಟ್. ನಲವತ್ತು ಸೆಕೆಂಡ್ ಅಲ್ಲೇ ಮುಗಿಯಿತು. ಇವತ್ತು ಕೆಲಸ ಮಾಡಿದ ಮಾತು ಇದು: “ನಮಸ್ತೆ ಸರ್, ಡಿಪ್ಲೊಮಾ ಮೆಕ್ಯಾನಿಕಲ್, 2024. ಸಿಎನ್‌ಸಿ ತರಬೇತಿ ಆಗಿದೆ, ಸೆಟ್ಟಿಂಗ್ ಕಲಿಯುತ್ತಾ ಇದ್ದೇನೆ. ರಾತ್ರಿ ಶಿಫ್ಟ್ ಆಗುತ್ತೆ, ಪೀಣ್ಯ ಆದರೂ ಬಿಡದಿ ಆದರೂ ಬರ್ತೀನಿ.” ಊರು, ಶಿಫ್ಟ್ ಎರಡೂ ಅವರಿಗೆ ಅಲ್ಲೇ ಇತ್ಯರ್ಥವಾದವು. ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಹೇಳಬೇಕು. ಬಾರದ ಇಂಗ್ಲಿಷಿಗೆ ಜಿಗಿದು ಮಧ್ಯೆ ನಿಂತುಬಿಡುವುದಕ್ಕಿಂತ ಅದು ಎಷ್ಟೋ ವಾಸಿ. ಕಾಲ್ ಸೆಂಟರ್ ಸ್ಟಾಲಿನ ಮಾತು ಬೇರೆ, ಅಲ್ಲಿ ಕೂತ ತಕ್ಷಣ ಇಂಗ್ಲಿಷ್ ಹಾಳೆ ಕೊಟ್ಟು ಓದಿಸುತ್ತಾರೆ.

ಬಟ್ಟೆ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಸ್ತ್ರಿ ಮಾಡಿದ್ದು, ತಿಳಿ ಬಣ್ಣದ್ದು. ಹೊಸ ಶೂ ಮಾತ್ರ ಮೇಳದ ದಿನ ಹಾಕಬಾರದು, ಮಧ್ಯಾಹ್ನಕ್ಕೇ ಹಿಮ್ಮಡಿ ಸುಲಿದಿರುತ್ತದೆ.

ಸಂಬಳದ ವಿಷಯಕ್ಕೆ ನಾಚಿಕೆ ಯಾಕೋ. ಬ್ಯಾನರಿನಲ್ಲಿ ‘22,000’ ಇದ್ದರೆ ಅದು ಬಹುತೇಕ ಸಿಟಿಸಿ, ಅಂದರೆ ನಮಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು. ಬಿಡಿಸಿ ನೋಡಿದರೆ ಹೀಗೆ: ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) 15,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 3,000, ಗ್ರಾಸ್ (ಒಟ್ಟು ಸಂಬಳ) 18,000. ಇದರ ಮೇಲೆ ಕಂಪನಿ ಕಟ್ಟುವ ಪಿಎಫ್ ಬೇಸಿಕ್-ಡಿಎ ಮೇಲೆ 12% ಎಂದರೆ 1,800, ಇಎಸ್‌ಐ (ನೌಕರರ ವೈದ್ಯಕೀಯ ವಿಮೆ) ಗ್ರಾಸ್ ಮೇಲೆ 3.25% ಎಂದರೆ 585, ಮತ್ತೆ ಬೇಸಿಕ್-ಡಿಎ ಮೇಲೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) 4.81% ಲೆಕ್ಕದಲ್ಲಿ 722, ಬೋನಸ್ 8.33% ಎಂದು 1,250. ಒಟ್ಟು 22,357, ಬ್ಯಾನರಿನ ಅಂಕಿಯ ಆಸುಪಾಸು. ಕೈಗೆ ಬರುವುದು 18,000ದಲ್ಲಿ ನಮ್ಮ ಪಾಲಿನ ಪಿಎಫ್ 1,800, ಇಎಸ್‌ಐ 135 ಕಳೆದು 16,065. ಕ್ಯಾಂಟೀನು, ಬಸ್ಸು, ಪಿಜಿ ಬಾಡಿಗೆ ಇನ್ನೂ ಹೋಗಬೇಕು. ಹಾಗಾಗಿ ‘ಸರ್, ಟೇಕ್ ಹೋಮ್ ಎಷ್ಟು?’ ಎಂದು ಕೇಳುವುದು ದುರಾಸೆಯಲ್ಲ. ಜೊತೆಗೆ ಇನ್ನೊಂದು: ಕಂಪನಿ ರೋಲಾ (ಕಂಪನಿಯದ್ದೇ ನೌಕರಿಯಾ), ಕಂಟ್ರಾಕ್ಟಾ, ಅಪ್ರೆಂಟಿಸಾ? ಅಪ್ರೆಂಟಿಸ್ ಆದರೆ ಕೊಡುವುದು ಸ್ಟೈಪೆಂಡ್, ಪಿಎಫ್ ಇಎಸ್‌ಐ ಇಲ್ಲ. ಕಲಿಯುವ ಮನಸ್ಸಿದ್ದವರಿಗೆ ಅದೂ ಕೆಟ್ಟದ್ದಲ್ಲ, ಆದರೆ ಗೊತ್ತಿದ್ದು ಹೋಗಬೇಕು. ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಪಡೆಯುತ್ತಿರುವವರಿಗೆ ಕೆಲಸ ಸಿಕ್ಕಿದ ಮೇಲೆ ತಿಂಗಳ ಪದವಿಯವರ 3,000, ಡಿಪ್ಲೊಮಾದವರ 1,500 ನಿಲ್ಲುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ.

‘ಸೆಲೆಕ್ಟ್ ಆಯ್ತು’ ಎಂದು ಮನೆಗೆ ಫೋನ್ ಮಾಡಿದವರು ಇವತ್ತೂ ಇದ್ದರು. ಕೈಯಲ್ಲಿದ್ದದ್ದು ಶಾರ್ಟ್‌ಲಿಸ್ಟ್ ಚೀಟಿ. ಮುಂದೆ ಕಂಪನಿಯಲ್ಲಿ ಇನ್ನೊಂದು ಸುತ್ತು ಇರುತ್ತದೆ. ಸ್ಟಾಲಿನಿಂದ ಎದ್ದ ಕೂಡಲೇ, ಮರೆಯುವ ಮುಂಚೆ, ಟೋಕನ್ ಚೀಟಿಯ ಹಿಂದೆ ಬರೆದುಕೊಳ್ಳಬೇಕು: ಸ್ಟಾಲ್ ನಂಬರ್, ಮಾತಾಡಿದವರ ಹೆಸರು, ಹುದ್ದೆ, ಯಾವಾಗ ಕರೆಯುತ್ತೇವೆಂದರು. ವಾರವಿಡೀ ಗೊತ್ತಿಲ್ಲದ ನಂಬರಿನ ಕರೆಯನ್ನೂ ಎತ್ತಬೇಕು, ರೀಚಾರ್ಜ್ ಮುಗಿಯದಂತೆ ನೋಡಿಕೊಳ್ಳಬೇಕು. ನಂಬರ್ ಕೊಟ್ಟವರಿಗೆ ಸೋಮವಾರ ಬೆಳಗ್ಗೆ ಹನ್ನೊಂದರ ಮೇಲೆ ಒಂದೇ ವಾಟ್ಸ್ಯಾಪ್ ಕಳಿಸಲಿಕ್ಕೆ ಹೇಳಿ ಬೋರ್ಡಿನಲ್ಲಿ ಬರೆಸಿದ್ದು ಇಷ್ಟು: “ನಮಸ್ತೆ ಮೇಡಂ, ಶನಿವಾರದ ಮೇಳದಲ್ಲಿ ಸ್ಟಾಲ್ 14ರಲ್ಲಿ ಸಿಎನ್‌ಸಿ ಆಪರೇಟರ್ ಹುದ್ದೆಗೆ ಮಾತಾಡಿದ್ದೆ. ರೆಸ್ಯೂಮೆ ಲಗತ್ತಿಸಿದ್ದೇನೆ. ಮುಂದಿನ ಸುತ್ತಿಗೆ ಯಾವ ದಿನ ಬರಬೇಕು ತಿಳಿಸಿ.” ಕೆಳಗೆ ಹೆಸರು, ಟೋಕನ್ ನಂಬರ್.